ಅರ್ಜಿ ಬರೆಯುತ್ತಿದ್ದ ಕಾಲದ ಶಾಸಕ: ನೆಲೋಗಿಯ ಧರ್ಮಸಿಂಗ್

(ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹಳ್ಳಿ ಭಾಗದ ಒಬ್ಬ ಶಾಸಕರ ಬದುಕು ಮತ್ತು ಕೆಲಸದ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ನನಗೆ ಹೇಳಿದರು. ಯಾರ ಬಗ್ಗೆ ಅನ್ನೋದನ್ನು ನನಗೇ ಬಿಟ್ಟರು. ನಮ್ಮ ಭಾಗದಲ್ಲಿ ಹೆಸರುಗಳಿಗೆ ಬರ ಇಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ ಆದವರು. ಅದೇ ಚಿಂಚೋಳಿಯ ವೈಜನಾಥ ಪಾಟೀಲರು ಈ ಭಾಗದ ವಿಶೇಷ ಸ್ಥಾನಮಾನಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತವರು. ಗುರುಮಠಕಲ್ ಕ್ಷೇತ್ರದಿಂದ 1972ರಲ್ಲಿ ಮೊದಲ ಸಲ ಗೆದ್ದ ಮಲ್ಲಿಕಾರ್ಜುನ ಖರ್ಗೆಯವರು ಇವತ್ತು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತೇ ಇದೆ. ನಾನು ಧರ್ಮಸಿಂಗ್ ಅವರನ್ನು ಆರಿಸಿಕೊಂಡೆ. ನಾನು ಜೇವರ್ಗಿ ತಾಲ್ಲೂಕಿನವನು. ಹುಡುಗನಾಗಿದ್ದಾಗ ನಾನು ಬರೆಯುತ್ತಿದ್ದ ಅರ್ಜಿಗಳ ಮೇಲೆ 'ಮಾನ್ಯ ಶಾಸಕರು, ಜೇವರ್ಗಿ ಮತಕ್ಷೇತ್ರ' ಅಂತ ಇರುತ್ತಿತ್ತು. ಆ ಶಾಸಕರು ಅವರೇ.

ಮೊದಲು ಆ ಅರ್ಜಿಗಳ ಕಥೆ ಹೇಳುತ್ತೇನೆ. ಅದಿಲ್ಲದೆ ಧರ್ಮಸಿಂಗ್ ಅರ್ಥ ಆಗುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ಭೀಮಾ ನದಿಯ ದಂಡೆಯ ನಮ್ಮ ಊರಲ್ಲಿ ಓದು ಬರಹ ಬಲ್ಲವರು ಕಡಿಮೆ. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಊರವರ ಅರ್ಜಿಗಳೆಲ್ಲ ನಮ್ಮ ಮನೆಗೆ ಬರತೊಡಗಿದವು. ಅಗಸಿ ಬಾಗಿಲ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೆ. ಉದ್ದನೆಯ ಗೆರೆ ಹಾಳೆ. ಮಧ್ಯಕ್ಕೆ ಉದ್ದ ಮಡಚಿ, ಬಲಗಡೆ ಮಾತ್ರ ಬರೆಯಬೇಕು. ಎಡಗಡೆ ಸಾಹೇಬರು ಏನಾದರೂ ಬರೆಯಲು ಖಾಲಿ. 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು. 'ದಯಮಾಡಿ' ಅನ್ನುವ ಮಾತು ಎಷ್ಟು ಸಲ ಬಂದರೂ ಜಾಸ್ತಿ ಆಯಿತು ಅಂತ ಯಾರೂ ಅನ್ನುತ್ತಿರಲಿಲ್ಲ.

ನಮ್ಮ ಓಣಿಯ ಒಬ್ಬ ಆಯಿ ನನಗೆ ಇವತ್ತಿಗೂ ನೆನಪಿದ್ದಾಳೆ. ಮಕ್ಕಳಿಲ್ಲ, ಹೊಲ ಇಲ್ಲ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಬರೆಸಲು ಬಂದಳು. ಸೆರಗಿನ ಗಂಟಿನಲ್ಲಿ ಹಾಳೆಯ ದುಡ್ಡು ಕಟ್ಟಿಕೊಂಡು ಬಂದಿದ್ದಳು. "ಏ ತಮ್ಮಾ, ಛಂದಾಗಿ ಬರಿ. ನನ್ನ ಕಣ್ಣೀರು ಕಾಣಬೇಕು ನೋಡು ಅದರಾಗ" ಅಂದಳು. ನಾನು ಬರೆದೆ. ಕೊನೆಗೆ ಅವಳ ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿ ಹಾಳೆ ಮೇಲೆ ಇಟ್ಟೆ. ಬೆರಳು ಎಷ್ಟು ಸವೆದಿತ್ತು ಅಂದರೆ ಗೆರೆಗಳೇ ಮೂಡಲಿಲ್ಲ. ಎರಡು ಸಲ ಒತ್ತಿದರೂ ಬರೀ ಒಂದು ನೀಲಿ ಚುಕ್ಕೆ. ಕಳೆ ತೆಗೆದು, ಕಲ್ಲು ಒಡೆದು ಬೆರಳಿನ ಗುರುತೇ ಹೋಗಿತ್ತು.

ಆಕೆಗೆ ವೇತನ ಬಂತು, ಆದರೆ ವರ್ಷ ದಾಟಿದ ಮೇಲೆ. ಅಲ್ಲಿಯವರೆಗೆ ಒಂದು ಕಚೇರಿಯ ವರಾಂಡದಲ್ಲಿ ಅವಳು ಎಷ್ಟು ದಿನ ಕೂತಳೋ ಲೆಕ್ಕ ಇಲ್ಲ. ಆ ವೇತನ ಅವಳಿಗೆ ನಿಯಮದ ಪ್ರಕಾರವೇ ಸಿಗಬೇಕಿತ್ತು. ಅದು ಅವಳಿಗೂ ಗೊತ್ತಿರಲಿಲ್ಲ, ಬರೆದ ನನಗೂ ಗೊತ್ತಿರಲಿಲ್ಲ. ಅವಳ ಪಾಲಿನದ್ದನ್ನೇ ಅವಳು ಭಿಕ್ಷೆಯ ಹಾಗೆ ಬೇಡಿದಳು, ನಾನು ಭಿಕ್ಷೆಯ ಭಾಷೆಯಲ್ಲೇ ಬರೆದುಕೊಟ್ಟೆ. ಆ ನೋವು ನನ್ನಲ್ಲಿ ಇನ್ನೂ ಇದೆ.

ಈ ಬೇಡುವ ರೂಢಿ ನಮಗೆ ಎಲ್ಲಿಂದ ಬಂತು? ನಾವು ನಿಜಾಮನ ರಾಜ್ಯದ ಪ್ರಜೆಗಳಾಗಿದ್ದವರು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೆ ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ರೈತ ತನ್ನ ಹೊಲದ ಕಾಗದವನ್ನೂ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು. ದರಖಾಸ್ತು, ತಹಶೀಲು, ಪಹಣಿ ಅಂತ ಕಚೇರಿಯ ಮಾತೆಲ್ಲ ಅಲ್ಲಿಂದಲೇ ಬಂದದ್ದು. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಳೇ ಮೈಸೂರಿನಲ್ಲಿ ಅಷ್ಟೊತ್ತಿಗೆ ಶಾಲೆ, ಕೆರೆ, ಕಾಲುವೆ, ಕಾಲೇಜು ಎಲ್ಲ ಕಟ್ಟಿ ಆಗಿತ್ತು. ನಾವು ಅಕ್ಷರ ಕಲಿಯುತ್ತಾ ಬಂದು ಅವರ ಪಕ್ಕ ಕೂತೆವು. ಆ ಹೊತ್ತಿನಲ್ಲಿ ಜನಕ್ಕೆ ಸರ್ಕಾರ ಅಂದರೆ ದೂರದ ಬೆಂಗಳೂರು. ಹತ್ತಿರ ಇದ್ದ ಒಬ್ಬನೇ ಮನುಷ್ಯ ಶಾಸಕ.

ಧರ್ಮಸಿಂಗ್ ಹುಟ್ಟಿದ್ದು 1936ರ ಡಿಸೆಂಬರ್ 25ರಂದು, ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಂಎ, ಎಲ್‌ಎಲ್‌ಬಿ ಓದಿದರು. ಊರಿಗೆ ಮರಳಿ ಕಲಬುರಗಿ ನಗರಸಭೆಯ ಸದಸ್ಯರಾದರು. ಆಮೇಲೆ ಕಾಂಗ್ರೆಸ್, ಆಮೇಲೆ ಜೇವರ್ಗಿಯ ಶಾಸಕ. ಎಪ್ಪತ್ತರ ದಶಕದಿಂದ 2004ರವರೆಗೆ ಆ ಕ್ಷೇತ್ರ ಅವರನ್ನು ಬಿಟ್ಟು ಇನ್ನೊಬ್ಬರನ್ನು ಕಳಿಸಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಧರ್ಮಸಿಂಗ್ ರಜಪೂತರು. ಜೇವರ್ಗಿ ತಾಲ್ಲೂಕಿನಲ್ಲಿ ರಜಪೂತರ ಮನೆ ಎಷ್ಟು? ಬೆರಳಲ್ಲಿ ಎಣಿಸಬಹುದು. ಲಿಂಗಾಯತರು, ಕಬ್ಬಲಿಗರು, ದಲಿತರು, ಕುರುಬರು, ಮುಸ್ಲಿಮರು ಇರುವ ಕ್ಷೇತ್ರ ಅದು. ಜಾತಿ ಲೆಕ್ಕ ಹಾಕಿ ಟಿಕೆಟ್ ಕೊಡುವ ಇವತ್ತಿನ ಕಾಲದಲ್ಲಿ ಅಂಥವರಿಗೆ ಟಿಕೆಟ್ ಸಿಗುವುದೇ ಕಷ್ಟ. ನಿಮ್ಮಲ್ಲಿ ರಾಜ್ಯಶಾಸ್ತ್ರ ಓದುವವರು ಇದನ್ನು ಯಾವತ್ತಾದರೂ ಕೂತು ಅಧ್ಯಯನ ಮಾಡಬೇಕು. ತನ್ನ ಜನ ಅಂತ ಹೇಳಿಕೊಳ್ಳಲು ಒಂದು ಓಣಿಯೂ ಇಲ್ಲದ ಮನುಷ್ಯ ಮೂರು ದಶಕ ಹೇಗೆ ಗೆಲ್ಲುತ್ತಾನೆ?

ನನಗೆ ತೋಚಿದ ಉತ್ತರ ಇದು. ನಮ್ಮ ಕಡೆ ಒಂದು ಮಾತಿದೆ, 'ಮದುವಿಗಿ ಬರದಿದ್ದರೂ ಮಣ್ಣಿಗಿ ಬರಬೇಕು' ಅಂತ. ಮದುವೆ, ಮಣ್ಣು, ಜಾತ್ರೆ, ಉರುಸು. ಶಾಸಕನ ದಿನದ ಅರ್ಧ ಭಾಗ ಇದಕ್ಕೇ ಹೋಗುತ್ತದೆ. ಪಟ್ಟಣದವರು ಇದನ್ನು ನೋಡಿ, ಶಾಸಕರಿಗೆ ಬೇರೆ ಕೆಲಸ ಇಲ್ಲವಾ ಅನ್ನುತ್ತಾರೆ. ಆದರೆ ಯೋಚನೆ ಮಾಡಿ. ಕಚೇರಿಗೆ ಹೋಗಲು ಹೆದರುವ ಜನ ತಮ್ಮ ಕಷ್ಟ ಹೇಳಿಕೊಳ್ಳುವುದು ಎಲ್ಲಿ? ಮಣ್ಣು ಮಾಡಿ ಬಂದು, ಹೊಳೆಯಲ್ಲಿ ಮಿಂದು, ಕಟ್ಟೆಯ ಮೇಲೆ ಕೂತಾಗಲೇ ಒಬ್ಬ ರೈತ ಬಾಯಿ ಬಿಡುತ್ತಾನೆ: "ಸಾಹೇಬ್ರ, ಕರೆಂಟಿನ ಟಿಸಿ ಸುಟ್ಟು ತಿಂಗಳಾತ್ರಿ." ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್. ಆ ಕಟ್ಟೆಯೇ ಅವನ ಪಾಲಿನ ವಿಧಾನಸಭೆ. ಅಲ್ಲಿ ಕೂರಲು ಬರುವ ಶಾಸಕನಿಗೆ ಜಾತಿ ಬೇಕಾಗುವುದಿಲ್ಲ. ಧರ್ಮಸಿಂಗ್‌ಗೆ ಕನ್ನಡ, ಉರ್ದು, ಹಿಂದಿ ಮೂರೂ ಸಲೀಸು. ದರ್ಗಾದ ಅಂಗಳದಲ್ಲೂ ಮಠದ ಪಂಕ್ತಿಯಲ್ಲೂ ಅವರು ಹೊರಗಿನವರು ಅನಿಸುತ್ತಿರಲಿಲ್ಲ. ವಿರೋಧ ಪಕ್ಷದವರೂ ಅವರನ್ನು ಅಜಾತಶತ್ರು ಅಂತ ಕರೆದರು.

ಖರ್ಗೆ ಮತ್ತು ಧರ್ಮಸಿಂಗ್ ಜೋಡಿಯನ್ನು ಜನ ಲವ-ಕುಶ ಅನ್ನುತ್ತಿದ್ದರು. ಒಬ್ಬರು ಗುರುಮಠಕಲ್, ಇನ್ನೊಬ್ಬರು ಜೇವರ್ಗಿ. ಆಗ ಎರಡೂ ಒಂದೇ ಜಿಲ್ಲೆ, ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಡಿಸೆಂಬರಿನಲ್ಲಿ. ಒಂದೇ ಜಿಲ್ಲೆಯ ಇಬ್ಬರು ದೊಡ್ಡ ನಾಯಕರು ಇಷ್ಟು ವರ್ಷ ಜಗಳ ಆಡದೆ ಇದ್ದದ್ದು ನಮ್ಮ ರಾಜಕೀಯದಲ್ಲಿ ಅಪರೂಪ. 2004ರಲ್ಲಿ ಮುಖ್ಯಮಂತ್ರಿ ಹುದ್ದೆಗೆ ಇಬ್ಬರ ಹೆಸರೂ ಓಡಾಡಿತು, ಸಿಕ್ಕಿದ್ದು ಒಬ್ಬರಿಗೆ. ಗೆಳೆತನ ಅದನ್ನೂ ತಾಳಿಕೊಂಡಿತು.

1980ರ ಒಂದು ಘಟನೆಯನ್ನು ಹೇಳಲೇಬೇಕು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಧರ್ಮಸಿಂಗ್ ಕಲಬುರಗಿಯಿಂದ ಗೆದ್ದರು. ಕೇರಳದ ಕಾಂಗ್ರೆಸ್ ನಾಯಕ ಸಿ.ಎಂ. ಸ್ಟೀಫನ್ ದೆಹಲಿಯಲ್ಲಿ ವಾಜಪೇಯಿ ಅವರ ಎದುರು ಸೋತಿದ್ದರು. ಅವರನ್ನು ಲೋಕಸಭೆಗೆ ತರಲು ಪಕ್ಷಕ್ಕೆ ಒಂದು ಕ್ಷೇತ್ರ ಬೇಕಿತ್ತು. ಧರ್ಮಸಿಂಗ್ ತಾವು ಗೆದ್ದ ಸೀಟು ಬಿಟ್ಟುಕೊಟ್ಟರು. ಉಪಚುನಾವಣೆಯಲ್ಲಿ ಸ್ಟೀಫನ್ ಗೆದ್ದರು. ಪಕ್ಷನಿಷ್ಠೆ ಅಂತ ಇದನ್ನು ಹೊಗಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಆಗುವುದಿಲ್ಲ. ಜನ ಅವರಿಗೆ ಹಾಕಿದ ಮತ ಅದು. ಅದನ್ನು ನಮ್ಮ ಮಣ್ಣು, ಮಾತು ಗೊತ್ತಿಲ್ಲದವರಿಗೆ ದಾಟಿಸಿದ್ದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಅದರಿಂದ ಅವರು ಬೆಂಗಳೂರಿನಲ್ಲೇ ಉಳಿದರು. ಉಳಿದದ್ದರಿಂದ ನಮಗೆ ಒಂದು ಕೆಲಸ ಆಯಿತು. ನಾನು ಇಲ್ಲಿಗೆ ಬಂದದ್ದೇ ಆ ಕೆಲಸದ ಬಗ್ಗೆ ಹೇಳಲು.

ಎಂಬತ್ತರ ದಶಕದ ಆರಂಭದಲ್ಲಿ ಹೈದರಾಬಾದ್ ಕರ್ನಾಟಕದ, ಅಂದರೆ ನಿಜಾಮನ ರಾಜ್ಯದಿಂದ ಬಂದ ನಮ್ಮ ಈ ಭಾಗದ, ಹಿಂದುಳಿದಿರುವಿಕೆ ಬಗ್ಗೆ ವರದಿ ಕೊಡಲು ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಧರ್ಮಸಿಂಗ್. ಧರ್ಮಸಿಂಗ್ ಸಮಿತಿ ಅಂತಲೇ ಹೆಸರಾಯಿತು. ಈ ಭಾಗಕ್ಕೆ ಕಾನೂನಿನ ಬಲ ಇರುವ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕು ಅಂತ ಆ ಸಮಿತಿ ಹೇಳಿತು. 'ಕಾನೂನಿನ ಬಲ' ಅನ್ನುವ ಮಾತನ್ನು ದಯವಿಟ್ಟು ಗಮನಿಸಿ. ಅಲ್ಲಿಯವರೆಗೆ ನಮ್ಮ ಶಾಸಕರು ಬಜೆಟ್ ಹೊತ್ತಿಗೆ ಬೆಂಗಳೂರಿಗೆ ಹೋಗಿ ಕೇಳಬೇಕು, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಆಯಿ ಅಗಸಿ ಕಟ್ಟೆಯಲ್ಲಿ ಮಾಡಿದ್ದನ್ನೇ ಶಾಸಕರು ವಿಧಾನಸೌಧದಲ್ಲಿ ಮಾಡುತ್ತಿದ್ದರು. ಅರ್ಜಿ ತೆಗೆದುಕೊಳ್ಳುವವರೇ ಅಲ್ಲಿ ಹೋಗಿ ಅರ್ಜಿದಾರರಾಗುತ್ತಿದ್ದರು. ಕೇಳದೆಯೇ ಸಿಗಬೇಕು, ಅದಕ್ಕೊಂದು ಕಾಯ್ದೆ ಬೇಕು ಅಂತ ಒಂದು ಸರ್ಕಾರಿ ವರದಿ ಗಟ್ಟಿಯಾಗಿ ಹೇಳಿದ್ದು ಆಗ.

ಹಾಗಂತ ಮರುದಿನವೇ ಮಂಡಳಿ ಬರಲಿಲ್ಲ. ಕಾಯ್ದೆ ಆಗಲು 1991 ಆಯಿತು. ಹತ್ತು ವರ್ಷ! ಮಂಡಳಿ ಬಂದ ಮೇಲೂ ಅದರ ಕೈಗೆ ಸಿಕ್ಕ ದುಡ್ಡು ಅಷ್ಟಕ್ಕಷ್ಟೇ. ಒಂದು ಶಾಲೆಗೆ ಎರಡು ಕೋಣೆ, ಒಂದು ಊರಿಗೆ ಅರ್ಧ ರಸ್ತೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಲೆಕ್ಕ ಹಾಕಿ ಹೇಳಿತು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಮೂವತ್ತು ವರ್ಷ ಒಬ್ಬರೇ ಗೆದ್ದು, ಮಂತ್ರಿಯಾಗಿದ್ದ ಕ್ಷೇತ್ರ ಹೀಗೇ ಯಾಕೆ ಉಳಿಯಿತು ಅಂತ ನೀವು ಕೇಳಬಹುದು. ಕೇಳಲೇಬೇಕು. ಕಟ್ಟೆ ಮೇಲೆ ಕೂತು ಸುಟ್ಟ ಟಿಸಿ ಬದಲಾಯಿಸಿ ಕೊಡಬಹುದು. ಆದರೆ ಒಂದು ತಾಲ್ಲೂಕಿನ ಶಾಲೆ, ಆಸ್ಪತ್ರೆ, ನೀರಾವರಿ ಎಲ್ಲ ಮೇಲೆ ಬರಬೇಕಾದರೆ ಕಟ್ಟೆ ಸಾಕಾಗುವುದಿಲ್ಲ. ಮತ ಹಾಕುವಾಗ ನಾವೂ ಟಿಸಿ ನೆನಪಿಟ್ಟುಕೊಂಡೆವು, ಸಮಿತಿಯ ವರದಿಯನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

2004ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಕಾಂಗ್ರೆಸ್, ಜೆಡಿಎಸ್ ಸೇರಿ ಸಮ್ಮಿಶ್ರ ಸರ್ಕಾರ ಮಾಡಿದವು. ಮೇ 28ರಂದು ಧರ್ಮಸಿಂಗ್ ಮುಖ್ಯಮಂತ್ರಿ ಆದರು. ಅದಕ್ಕೆ ಮೊದಲು ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಲೋಕೋಪಯೋಗಿ ಸಚಿವರಾಗಿದ್ದರು. ನೆಲೋಗಿಯ ಹುಡುಗ ಮುಖ್ಯಮಂತ್ರಿ ಆದ ದಿನ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದೆವು. ಆ ಖುಷಿಯಲ್ಲಿ ಪಕ್ಷ ಇರಲಿಲ್ಲ. ನಮ್ಮ ಕಡೆಯ ಮಾತು ಆಡುವವರೊಬ್ಬರು ಆ ಕುರ್ಚಿಯಲ್ಲಿ ಕೂತರಲ್ಲ ಅನ್ನೋದಷ್ಟೇ. ಇಪ್ಪತ್ತು ತಿಂಗಳು ನಡೆದ ಸರ್ಕಾರ ಅದು. 2006ರ ಫೆಬ್ರವರಿ 3ಕ್ಕೆ ಮುಗಿಯಿತು. ಮಿತ್ರ ಪಕ್ಷವನ್ನು ಸಂಭಾಳಿಸುವುದರಲ್ಲೇ ಬಹಳ ಶಕ್ತಿ ಹೋಯಿತು. ಗಣಿಗಾರಿಕೆ ಬಗ್ಗೆ ಲೋಕಾಯುಕ್ತರು 2008ರಲ್ಲಿ ಕೊಟ್ಟ ವರದಿ ಅವರ ಕಾಲದ ಆದೇಶಗಳನ್ನು ಪ್ರಶ್ನೆ ಮಾಡಿತು. ಅವರ ಬದುಕಿನ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಿದರೆ ನಿಮಗೆ ಮೋಸ ಮಾಡಿದ ಹಾಗೆ.

ಆಮೇಲೆ 2008ರ ಚುನಾವಣೆ. ಧರ್ಮಸಿಂಗ್ ಜೇವರ್ಗಿಯಲ್ಲಿ ಸೋತರು. ಎಷ್ಟು ಮತದಿಂದ ಗೊತ್ತಾ? 70 ಮತ. ನಮ್ಮ ಊರಿನ ಮದುವೆಯಲ್ಲಿ ಒಂದು ಪಂಕ್ತಿಗೆ ಕೂರುವ ಜನ ಅದಕ್ಕಿಂತ ಜಾಸ್ತಿ. ಆ ಮಧ್ಯಾಹ್ನ ಊರ ಹೋಟೆಲಿನಲ್ಲಿ ರೇಡಿಯೋ ಸುತ್ತ ಕೂತವರೆಲ್ಲ ಸುಮ್ನೆ ಆಗಿಬಿಟ್ಟರು. ಸೋಲಿಸಬೇಕು ಅಂತ ಮತ ಹಾಕಿದವರೂ ಸುಮ್ನೆ ಕೂತಿದ್ದರು. ಒಬ್ಬ ಹಿರಿಯರು "ನನ್ನ ಮನಿ ಮಂದಿ ಏಳು ಓಟು ಹಾಕಲಿಲ್ಲಪ್ಪ, ಸುಗ್ಗಿಗಿ ಪುಣೆಕ್ಕ ಹೋಗಿದ್ದರು" ಅಂತ ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತಿದ್ದರು. ನನಗೆ ಆ ಲೆಕ್ಕ ಮರೆಯುವುದಿಲ್ಲ. ಕೆಲಸ ಹುಡುಕಿ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋದ ಜನರ ಓಟು ಅವು. ಊರಲ್ಲೇ ಕೆಲಸ ಇದ್ದಿದ್ದರೆ ಅವರು ಊರಲ್ಲೇ ಇರುತ್ತಿದ್ದರು.

ಮರು ವರ್ಷ ಬೀದರ್‌ನಿಂದ ಲೋಕಸಭೆಗೆ ಗೆದ್ದರು. ಖರ್ಗೆಯವರು ಕಲಬುರಗಿಯಿಂದ ಗೆದ್ದರು. ಇಬ್ಬರೂ ದೆಹಲಿಯಲ್ಲಿ ಇದ್ದಾಗಲೇ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಇದರ ಹೊಗಳಿಕೆಯನ್ನು ಒಬ್ಬಿಬ್ಬರಿಗೆ ಕೊಟ್ಟು ಮುಗಿಸಬಾರದು. ದೆಹಲಿ ಈ ಬೇಡಿಕೆಯನ್ನು ಮೊದಲು ಒಮ್ಮೆ ತಳ್ಳಿಹಾಕಿತ್ತು. ಆಗಲೂ ಬಿಡದೆ ಹೋರಾಟ ನಡೆಸಿದ ವೈಜನಾಥ ಪಾಟೀಲರು ಇದ್ದರು. ಊರೂರಿನ ವಿದ್ಯಾರ್ಥಿಗಳು, ವಕೀಲರು, ಶಿಕ್ಷಕರು ಇದ್ದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಎಂಬತ್ತರ ದಶಕದಲ್ಲಿ ಧರ್ಮಸಿಂಗ್ ಸಮಿತಿ ಕೇಳಿದ್ದು ಒಂದು ಮಂಡಳಿ. ಮೂವತ್ತು ವರ್ಷದ ಮೇಲೆ ಆ ಮಂಡಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಈ ಭಾಗದ ಕಾಲೇಜುಗಳ ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ನಮ್ಮ ಮಕ್ಕಳಿಗೆ. ಇಲ್ಲಿನ ಹುದ್ದೆಗಳಲ್ಲಿ ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಮೀಸಲು. ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆ ಆಯಿತು.

ದುಡ್ಡು ಬಂತು, ಸೀಟು ಬಂತು. ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ಕ್ಕೆ ಯಾದಗಿರಿ ಕೊನೆ, 2025ಕ್ಕೆ ಕಲಬುರಗಿ ಕೊನೆ. ಶಿಕ್ಷಕನಾಗಿ ನಾನು ಇದನ್ನು ತಲೆ ತಗ್ಗಿಸಿ ಹೇಳುತ್ತಿದ್ದೇನೆ. ವೈದ್ಯಕೀಯ ಕಾಲೇಜಿನ ಬಾಗಿಲು ತೆರೆದಿದೆ, ಅಲ್ಲಿಗೆ ಹೋಗಬೇಕಾದ ಮಗು ಹತ್ತನೇ ತರಗತಿಯಲ್ಲೇ ಉಳಿದುಬಿಡುತ್ತಿದೆ. ಮುಂದಿನ ಶಾಸಕರ ಕೆಲಸ ಇಲ್ಲಿದೆ. ನಿಮ್ಮಲ್ಲಿ ಯಾರಾದರೂ ರಾಜಕೀಯಕ್ಕೆ ಹೋಗುವವರಿದ್ದರೆ ನಿಮ್ಮ ಕೆಲಸವೂ ಇಲ್ಲೇ ಇದೆ.

ಧರ್ಮಸಿಂಗ್ 2017ರ ಜುಲೈ 27ರಂದು ತೀರಿಕೊಂಡರು. ಅವರ ಮಣ್ಣು ನೆಲೋಗಿಯಲ್ಲೇ ಆಯಿತು. ಎಷ್ಟೋ ಮನೆಗಳ ಮಣ್ಣಿಗೆ ಹೋಗಿದ್ದವರು ಅವರು. ಆ ಮನೆಗಳ ಜನ ನೆಲೋಗಿಗೆ ಬಂದರು.

ಅದಾದ ಒಂದೆರಡು ವರ್ಷಕ್ಕೆ ನಮ್ಮ ಊರಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ನಾನು ಅರ್ಜಿ ಬರೆದುಕೊಟ್ಟ ಆಯಿ ಇದ್ದ ಅದೇ ಓಣಿಯವಳು. ಇಂಜಿನಿಯರಿಂಗ್ ಸೀಟಿಗೆ 371ಜೆ ಅರ್ಹತಾ ಪ್ರಮಾಣಪತ್ರ ಬೇಕಿತ್ತು. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಒಂದು ಕಚೇರಿ ಅವಳನ್ನು ಮೂರು ವಾರ ಓಡಾಡಿಸಿತ್ತು. ಕೊನೆಗೆ ಒಂದು ವಿವರಣೆ ಪತ್ರ ಕೊಡಬೇಕು ಅಂದರಂತೆ. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಚೆಂದದ ಅಕ್ಷರ. ಕೊನೆಯ ಸಾಲಿಗೆ ಬಂದಾಗ ಪೆನ್ನು ಎತ್ತಿ ಕೇಳಿದಳು:

"ಸರ್, ಇಲ್ಲಿ 'ದಯಮಾಡಿ' ಅಂತ ಹಾಕಬೇಕೇನ್ರಿ?"

"ಬ್ಯಾಡವ್ವಾ" ಅಂದೆ. "ಕಾಯ್ದೆ ನಂಬರ್ ಹಾಕು. ಕೆಳಗೆ ಸಹಿ ಮಾಡು."

ಮಾಡಿದಳು.